ಸಿದ್ದಿಗಳು
ಆಫ್ರಿಕಾ ಮೂಲದ, ಶತಮಾನಗಳಿಂದ ಕರ್ನಾಟಕದಲ್ಲಿ ನೆಲೆಸಿರುವ ಬುಡಕಟ್ಟು ಸಮುದಾಯ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಹೆಚ್ಚಾಗಿಯೂ ಧಾರವಾಡ ಜಿಲ್ಲೆಯ ಕಲಘಟಗಿ, ಬೆಳಗಾವಿ ಜಿಲ್ಲೆಯ ಖಾನಾಪುರ ಭಾಗದ ಕಾಡಂಚಿನಲ್ಲಿ ಕಡಿಮೆ ಸಂಖ್ಯೆಯಲ್ಲಿಯೂ ವಾಸವಾಗಿದ್ದಾರೆ. ಗುಜರಾತ್, ಹೈದರಾಬಾದುಗಳಲ್ಲಿಯೂ ಆಫ್ರಿಕಾ ಮೂಲದ ಸಮುದಾಯಗಳಿವೆ.

16ನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. 2011ರಲ್ಲಿ ಪ್ರಕಟವಾದ ತಳಿವಿಜ್ಞಾನ ಅಧ್ಯಯನ ಇವರ ಬಾಂಟು ಮೂಲವನ್ನು ದೃಢಪಡಿಸಿತು.

ಆಫ್ರಿಕಾದ ಭಾಷೆ ಉಳಿದಿಲ್ಲ. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಮುಸ್ಲಿಮರಲ್ಲಿ ಉರ್ದು, ಹೊರಗೆ ಕನ್ನಡ. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಪಂಗಡಗಳಿದ್ದರೂ ಹಿರಿಯರ ಪೂಜೆ, ಡಮಾಮಿ ವಾದ್ಯ ಮತ್ತು ಕುಣಿತ ಸಮುದಾಯವನ್ನು ಬೆಸೆದಿವೆ. ಹಳೆಯ ಬಟ್ಟೆಯ ತುಂಡುಗಳಿಂದ ಹೆಂಗಸರು ಹೊಲಿಯುವ ಕೌದಿಗಳು ಈಗ ಹೊರದೇಶದ ಪ್ರದರ್ಶನಗಳಿಗೂ ಹೋಗುತ್ತವೆ. ಕೂಲಿ, ಸಣ್ಣ ಬೇಸಾಯ, ಕಾಡಿನ ಕಿರು ಉತ್ಪನ್ನಗಳ ಸಂಗ್ರಹ ಮುಖ್ಯ ಜೀವನೋಪಾಯ.

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳಿಗೆ ಅದು ವಿಸ್ತರಿಸಿದ್ದು 2020ರ ತಿದ್ದುಪಡಿಯಿಂದ. ಒಂದೇ ಸಮುದಾಯ ಜಿಲ್ಲೆಯ ಗಡಿಯ ಎರಡೂ ಬದಿಗೆ ಬೇರೆ ಬೇರೆ ಲೆಕ್ಕಕ್ಕೆ ಸೇರಿದ್ದ ಈ ಅಂತರ ಅಸಹಜವೆನ್ನಬಹುದು. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳಿಗೆ ಅಥ್ಲೆಟಿಕ್ಸ್ ತರಬೇತಿ ಆರಂಭಿಸಿತ್ತು. ರಂಗಭೂಮಿಯಲ್ಲಿ ಗಿರಿಜಾ ಸಿದ್ದಿ ಹೆಸರಾಗಿದ್ದಾರೆ.