ಒಡೆ, ಮುರಿ, ಹರಿ: ಮೂರು ಕ್ರಿಯಾಪದಗಳ ಚರಿತ್ರೆ

ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಹಗ್ಗ ಹರಿಯುತ್ತದೆ. ಮಡಕೆ ಹರಿಯಿತು ಎಂದೋ ಹಗ್ಗ ಒಡೆಯಿತು ಎಂದೋ ಹೇಳಿದರೆ ಕನ್ನಡದ ಮಗುವೂ ನಗುತ್ತದೆ. ಆದರೆ ಸಮಾನಾರ್ಥಕ ಪದಗಳ ಪಟ್ಟಿಗಳಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಡುವುದು ರೂಢಿಯಾಗಿದೆ. ಇವು ಸಮಾನಾರ್ಥಕಗಳಲ್ಲ, ಇವುಗಳ ನಡುವಿನ ಗೆರೆ ಸಾವಿರ ವರ್ಷಕ್ಕೂ ಹಳೆಯದು ಎಂಬುದು ಈ ಲೇಖನದ ವಾದ.

ಗೆರೆ ಎಲ್ಲಿದೆ? ಪೆಟ್ಟು ಕೊಟ್ಟವನ ಕೈಯಲ್ಲಿಲ್ಲ, ಪೆಟ್ಟು ತಿಂದ ವಸ್ತುವಿನ ಮೈಕಟ್ಟಿನಲ್ಲಿದೆ. ಉದ್ದವಾಗಿ ಬಿರುಸಾಗಿರುವುದು ಮುರಿಯುತ್ತದೆ: ಕೊಂಬೆ, ಕಡ್ಡಿ, ಕೈಕಾಲು. ನೂಲು, ಬಟ್ಟೆ, ಕಾಗದದಂತೆ ಬಳುಕುವುದು ಹರಿಯುತ್ತದೆ. ಮಡಕೆಯಂತೆ ಟೊಳ್ಳಾದದ್ದು ಒಡೆಯುತ್ತದೆ. ಸೌದೆಯಂತೆ ಎಳೆ ಹಿಡಿದು ಎರಡಾಗುವುದಕ್ಕೆ ಸೀಳು. ಯಂತ್ರ ನಿಂತರೆ ಈ ಯಾವುದೂ ಅಲ್ಲ, ಅದು ಕೆಡುತ್ತದೆ.

ಈ ವಿಂಗಡಣೆಗೆ ಹಳೆಯ ಸಾಕ್ಷ್ಯ ಪಂಪನಲ್ಲಿದೆ. ಕ್ರಿ.ಶ. 941ರ ವಿಕ್ರಮಾರ್ಜುನ ವಿಜಯದಲ್ಲಿ ಭೀಮ ತುಂಬಿದ ಸಭೆಯಲ್ಲಿ ಪ್ರತಿಜ್ಞೆ ಮಾಡುವ ಪದ್ಯವನ್ನು ಕನ್ನಡ ಓದಿದವರೆಲ್ಲ ಬಲ್ಲರು. ದುಶ್ಶಾಸನನ ಎದೆಗೆ ಅಲ್ಲಿ ಬರುವ ಕ್ರಿಯಾಪದ ಪೋಳ್, ಎಂದರೆ ಸೀಳು. ದುರ್ಯೋಧನನ ತೊಡೆಗಳಿಗೆ ಉಡಿ. ಅವನ ಕಿರೀಟಕ್ಕೆ ಒಡೆ. ಮೂರು ವಸ್ತುಗಳಿಗೆ ಮೂರು ಕ್ರಿಯೆಗಳು. ಕವಿ ಪ್ರಾಸಕ್ಕಾಗಿ ಪದ ಹುಡುಕಿದ ಎಂದು ಯಾರಾದರೂ ಹೇಳಬಹುದು. ಪದ್ಯದ ಪ್ರಾಸಾಕ್ಷರ ಡಕಾರ ಎಂಬುದೂ ನಿಜ. ಆದರೆ ಉಡಿ ಮತ್ತು ಒಡೆ ಎರಡರಲ್ಲೂ ಡಕಾರವಿದೆ, ಎರಡೂ ಎರಡೇ ಲಘುವಿನ ಧಾತುಗಳು. ಪ್ರಾಸವಾಗಲಿ ಛಂದಸ್ಸಾಗಲಿ ಇವನ್ನು ಅದಲುಬದಲು ಮಾಡಲು ಅಡ್ಡಿಯಾಗುತ್ತಿರಲಿಲ್ಲ. ಆದರೂ ಪಂಪ ಉದ್ದನೆಯ ತೊಡೆಯನ್ನು ಉಡಿಸಿದ, ಟೊಳ್ಳಾದ ಕಿರೀಟವನ್ನು ಒಡೆಸಿದ. ಹೀಗೆ ಮಾಡಿಸಿದ್ದು ಭಾಷೆಯ ಒಳಗಿನ ಕಟ್ಟಳೆ ಎಂದೇ ನಾನು ತಿಳಿಯುತ್ತೇನೆ.

ಪಂಪನ ಈ ಮೂರರಲ್ಲಿ ಕ್ರಿಯಾಪದವಾಗಿ ಇಂದಿಗೂ ಆಡುಮಾತಿನಲ್ಲಿ ಉಳಿದದ್ದು ಒಡೆ ಒಂದೇ. ಪೋಳ್ ಪಕಾರ ಕಳೆದುಕೊಂಡು ಹೋಳು ಎಂಬ ನಾಮಪದವಾಯಿತು. ಉಪ್ಪಿನಕಾಯಿಗೆ ಮಾವಿನ ಹೋಳು ಹಾಕುವಾಗ ನಾವು ಬಳಸುವುದು ಅದನ್ನೇ. ಉಡಿಯ ಜಾಗಕ್ಕೆ ಮುರಿ ಬಂತು. ಈಗ ಉಡಿ ಎಂದರೆ ಸೀರೆಯ ಮಡಿಲು ನೆನಪಾಗುತ್ತದೆಯೇ ಹೊರತು ತೊಡೆ ಮುರಿದ ಭೀಮನಲ್ಲ. ಪದ ಹೋದರೂ ವಿಂಗಡಣೆ ಹೋಗಲಿಲ್ಲ. ಉದ್ದನೆಯ ವಸ್ತುವಿಗೆ ಬೇರೆ ಕ್ರಿಯಾಪದ ಬೇಕು ಎಂಬ ಒತ್ತಾಯ ಹಾಗೆಯೇ ಇತ್ತು, ಮುರಿ ಅದನ್ನು ತುಂಬಿತು.

ಮುರಿಯ ಕಥೆ ಇನ್ನೂ ಆಳದ್ದು. ಹಳಗನ್ನಡದಲ್ಲಿ ಇದು ಶಕಟರೇಫ, ಎಂದರೆ ಱ ಅಕ್ಷರ, ಇದ್ದ ಮುಱಿ. ಸಾಮಾನ್ಯ ರೇಫದ ಮುರಿ ಬೇರೆಯದೇ ಧಾತು. ಅದರ ಅರ್ಥ ಬಾಗು, ತಿರುಗು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಱಕಾರವನ್ನು ಕನ್ನಡದ ದೇಶೀಯ ಅಕ್ಷರಗಳಲ್ಲಿ ಎಣಿಸುತ್ತಾನೆ. ಕಾಲಕ್ರಮದಲ್ಲಿ ಱ ರಕಾರದಲ್ಲಿ ಬೆರೆತುಹೋಯಿತು, ಎರಡು ಧಾತುಗಳೂ ಒಂದೇ ರೂಪ ತಾಳಿದವು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಇವೆರಡನ್ನೂ ಬೇರೆ ಬೇರೆಯಾಗಿ ಕೊಟ್ಟು ದೊಡ್ಡ ಉಪಕಾರ ಮಾಡಿದೆ. ಬೆಳಗ್ಗೆ ಎದ್ದು ಮೈಮುರಿಯುವಾಗ ಮೈಯಲ್ಲಿ ಏನೂ ತುಂಡಾಗುವುದಿಲ್ಲ. ಊಟ ಸೇರದೆ ಮೂಗು ಮುರಿಯುವವರ ಮೂಗಿಗೂ ಏನೂ ಆಗುವುದಿಲ್ಲ. ಅಲ್ಲಿ ಉಳಿದಿರುವುದು ಬಾಗು ಎಂಬ ಅರ್ಥದ ಹಳೆಯ ಮುರಿ.

ಹರಿಯ ಪಾಡೂ ಇದೇ. ನೀರು ಹರಿಯುವುದು ಪರಿ ಎಂಬ ಧಾತುವಿನಿಂದ, ಬಟ್ಟೆ ಹರಿಯುವುದು ಪಱಿ ಎಂಬುದರಿಂದ. ಪಕಾರ, ಱಕಾರ, ಹೀಗೆ ಎರಡು ಧ್ವನಿಗಳು ಸರಿದ ಮೇಲೆ ಹೊಳೆಗೂ ಹಗ್ಗಕ್ಕೂ ಒಂದೇ ಕ್ರಿಯಾಪದ ಉಳಿಯಿತು. ಮಲೆಯಾಳಿಗಳು ಎರಡು ರೇಫಗಳನ್ನು ಇಂದಿಗೂ ಬೇರೆಯಾಗಿಯೇ ಉಚ್ಚರಿಸುವುದರಿಂದ ಅವರಿಗೆ ಈ ಗೊಂದಲವಿಲ್ಲ.

ಒಡೆ ಇಂಥ ಬೆರಕೆಗೆ ಸಿಗಲಿಲ್ಲ. ತಮಿಳಿನ ಉಡೈ ಇದರ ಸೋದರ. ತನ್ನೊಳಗೆ ಏನನ್ನಾದರೂ ಹಿಡಿದಿಟ್ಟುಕೊಂಡ ವಸ್ತು ಬಾಯಿಬಿಡುವುದೇ ಇದರ ತಿರುಳು. ಹಾಗಾಗಿ ತೆಂಗಿನಕಾಯಿ, ಗುಳ್ಳೆ, ಬೀಜದ ಮೊಳಕೆ, ಬಚ್ಚಿಟ್ಟ ಗುಟ್ಟು ಎಲ್ಲವೂ ಒಡೆಯುತ್ತವೆ. ಅಣ್ಣತಮ್ಮಂದಿರು ಬೇರೆಯಾದರೆ ಮನೆ ಒಡೆಯಿತು ಎನ್ನುತ್ತೇವೆ. ಗೋಡೆ ನೆಟ್ಟಗೇ ಇರುತ್ತದೆ, ಒಳಗಿದ್ದವರು ಚದುರುತ್ತಾರೆ. ಹಾಲು ಒಡೆಯುವುದೂ ಹೀಗೆಯೇ, ಕೂಡಿಕೊಂಡಿದ್ದ ನೀರು ಗಟ್ಟಿ ಭಾಗದಿಂದ ಬೇರೆಯಾಗುತ್ತದೆ. ರೈತನಿಗೆ ಎಲ್ಲಕ್ಕಿಂತ ಭಯದ ಮಾತು ಕೆರೆ ಒಡೆಯಿತು ಎಂಬುದು. ಹರಿಹರದ ಬಳಿ ಹರಿದ್ರಾ ನದಿಗೆ 1410ರಲ್ಲಿ ಕಟ್ಟಿದ ಅಣೆ ಒಡೆದು, 1424ರಲ್ಲಿ ಮತ್ತೆ ಕಟ್ಟಿಸಿದ್ದನ್ನು ಶಾಸನ ದಾಖಲಿಸಿದೆ.

ಗೆರೆ ಮಸುಕಾಗುವ ಜಾಗಗಳೂ ಇವೆ. ಕಳ್ಳರು ಬೀಗ ಮುರಿದರು, ಬೀಗ ಒಡೆದರು ಎರಡೂ ಪತ್ರಿಕೆಯಲ್ಲಿ ಬರುತ್ತವೆ. ಬೀಗದ ಕೊಕ್ಕೆಯನ್ನು ನೋಡಿದವರಿಗೆ ಮುರಿ, ಪೆಟ್ಟಿಗೆಯಂಥ ಅದರ ಮೈಯನ್ನು ನೋಡಿದವರಿಗೆ ಒಡೆ ಹೊಳೆದಿರಬೇಕು.

ಸಂಸ್ಕೃತದ ಭಂಗ ಬಂದದ್ದು ಕಣ್ಣಿಗೆ ಕಾಣದ ವಸ್ತುಗಳಿಗೆ: ಮಾನಭಂಗ, ವ್ರತಭಂಗ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರು ನಡೆಸಿದ್ದೂ ಕಾಯಿದೆಭಂಗ ಚಳವಳಿಯನ್ನೇ. ಈಗ ಆ ಜಾಗಕ್ಕೂ ಮುರಿ ನುಗ್ಗಿದೆ. ಒಪ್ಪಂದ, ನಿಯಮ, ಮದುವೆ ಮುರಿಯುತ್ತವೆ. ದಾಖಲೆ ಮುರಿಯುವುದೂ ಮೌನ ಮುರಿಯುವುದೂ ಇಂಗ್ಲಿಷಿನ ಅಚ್ಚಿನಲ್ಲಿ ಬಂದವು. ಮೌನಕ್ಕೆ ನಮ್ಮ ಮಾತು ಬಾಯಿಬಿಡು ಎಂಬುದೇ.

ಹಣದ ವ್ಯವಹಾರದಲ್ಲಿ ಮಾತ್ರ ಮುರಿ ಅಪ್ಪಟ ದೇಸಿ. ಹಳೆಯ ನೋಟು ಕೈಯಲ್ಲಿ ಹರಿಯಿತು, ಹೊಸ ನೋಟನ್ನು ಅಂಗಡಿಯಲ್ಲಿ ಮುರಿಸಿದೆ ಎನ್ನುವಾಗ ಕಾಗದಕ್ಕೆ ಒಂದು ಕ್ರಿಯಾಪದ, ಅದರ ಬೆಲೆಗೆ ಇನ್ನೊಂದು. ಮುಂಗಡವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಇದೇ ಮುಱಿ ತಮಿಳಿನಲ್ಲಿ ಸಾಲಪತ್ರಕ್ಕೂ ಮಲೆಯಾಳದಲ್ಲಿ ಮನೆಯೊಳಗಿನ ಕೋಣೆಗೂ ಹೆಸರಾಗಿದೆ. ಇಡಿಯಾದದ್ದರಿಂದ ಬೇರ್ಪಟ್ಟ ಪಾಲು ಎಂಬ ಅರ್ಥ ಅಲ್ಲಿ ನಾಮಪದಗಳಲ್ಲಿ ನಿಂತಿದೆ, ನಮ್ಮಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿನ ಮಾತಿನಲ್ಲಿ ಕ್ರಿಯಾಪದವಾಗಿಯೇ ಓಡಾಡುತ್ತಿದೆ.