ಕಲಬುರಗಿಗೆ ಬಂದ ವಿದ್ಯೆ, ಉಳಿದ ವಿದ್ಯೆ

ಬಡ ದೇಶವೊಂದು ವಿಜ್ಞಾನ ಮತ್ತು ತಂತ್ರಜ್ಞಾನದ ಬಲದಿಂದ ಮೇಲೇಳಬಹುದೇ ಎಂಬ ಪ್ರಶ್ನೆ ಬಂದಾಗ ನಾವು ದೆಹಲಿಯ ನೀತಿ ಪತ್ರಗಳನ್ನು ನೋಡುತ್ತೇವೆ, ಇಲ್ಲವೇ ಬೆಂಗಳೂರಿನ ಕಂಪೆನಿಗಳತ್ತ ಬೆರಳು ತೋರುತ್ತೇವೆ. ಆದರೆ ಈ ಪ್ರಶ್ನೆಗೆ ಆರು ನೂರು ವರ್ಷಗಳ ಅನುಭವದಿಂದ ಉತ್ತರ ಹೇಳಬಲ್ಲ ಊರೊಂದು ನಮ್ಮಲ್ಲೇ ಇದೆ. ಅದು ಕಲಬುರಗಿ. ಈ ಊರಿಗೆ ವಿದ್ಯೆ ಹಲವು ಬಾರಿ ಬಂತು. ಕೆಲವು ಬಾರಿ ಬಂದ ಹಾಗೆಯೇ ಹೋಯಿತು, ಕೆಲವು ಬಾರಿ ಉಳಿಯಿತು. ಯಾವುದು ಉಳಿಯಿತು, ಯಾಕೆ ಉಳಿಯಿತು ಎಂಬುದನ್ನು ವಿಚಾರಿಸಿದರೆ ಇಂದಿನ ನೀತಿಗೂ ಒಂದು ಪಾಠ ಸಿಗುತ್ತದೆ.

ಅರ್ಧಕ್ಕೆ ನಿಂತ ವೇಧಶಾಲೆ

ಕಲಬುರಗಿಯ ರೋಜಾ ಬಡಾವಣೆಯ ಹೆಸರು ಕೇಳಿದೊಡನೆ ನೆನಪಾಗುವುದು ಖಾಜಾ ಬಂದೇ ನವಾಜರ ದರ್ಗಾ ಮತ್ತು ಅದರ ಉರೂಸು. ಬಂದೇ ನವಾಜರು ದೆಹಲಿಯಿಂದ ಹೊರಟು ದೌಲತಾಬಾದ್ ಮಾರ್ಗವಾಗಿ 1400ರ ಆಸುಪಾಸಿನಲ್ಲಿ ಇಲ್ಲಿಗೆ ಬಂದರು. ಆಗ ಬಹಮನಿ ಸಿಂಹಾಸನದ ಮೇಲಿದ್ದವನು ಫಿರೋಜ್ ಶಾಹ. 1397ರಿಂದ 1422ರ ವರೆಗೆ ಆಳಿದ ಈ ಸುಲ್ತಾನ ಸ್ವತಃ ವಿದ್ವಾಂಸನಾಗಿದ್ದ. ವಾರಕ್ಕೆ ಮೂರು ದಿನ ತಾನೇ ಕುಳಿತು ಜ್ಯಾಮಿತಿ, ಖಗೋಳ ಮೊದಲಾದ ವಿಷಯಗಳನ್ನು ಪಾಠ ಹೇಳುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಪರ್ಷಿಯಾ ಮತ್ತು ಅರಬ್ ನಾಡುಗಳಿಂದ ವಿದ್ವಾಂಸರನ್ನು ಕರೆಸಿಕೊಳ್ಳುವುದು ಆತನ ರಾಜನೀತಿಯ ಭಾಗವೇ ಆಗಿತ್ತು.

ಇದೇ ಫಿರೋಜ್ ಶಾಹ 1407ರಲ್ಲಿ ದೌಲತಾಬಾದಿನ ಬಳಿಯ ಘಟ್ಟದ ಮೇಲೆ ಒಂದು ವೇಧಶಾಲೆಯನ್ನು ಕಟ್ಟಿಸತೊಡಗಿದ. ಹಕೀಮ್ ಹಸನ್ ಗೀಲಾನಿ ಎಂಬ ವಿದ್ವಾಂಸ ಅದರ ಮುಖ್ಯಸ್ಥ. ಉಲುಗ್ ಬೇಗನ ಹೆಸರಾಂತ ವೇಧಶಾಲೆ ಸಮರಖಂದದಲ್ಲಿ ಆಗ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಈ ಸಾಹಸದ ಬೆಲೆ ತಿಳಿಯುತ್ತದೆ. ಆದರೆ ಹಕೀಮ್ ಹಸನ್ ತೀರಿಕೊಂಡ. ಅವನೊಂದಿಗೆ ಕೆಲಸವೂ ನಿಂತಿತು. ಕಟ್ಟಡ ಪೂರ್ಣವಾಗಲಿಲ್ಲ.

ಹಣವಿತ್ತು, ದೊರೆಯ ಆಸಕ್ತಿಯಿತ್ತು, ಜಗತ್ತಿನ ಉತ್ತಮ ವಿದ್ವಾಂಸರ ಸಂಪರ್ಕವಿತ್ತು. ಇಲ್ಲದ್ದು ಒಂದೇ: ಒಬ್ಬನು ಹೋದರೆ ಅವನ ಕೆಲಸವನ್ನು ಕೈಗೆತ್ತಿಕೊಳ್ಳಬಲ್ಲ ಸ್ಥಳೀಯ ಶಿಷ್ಯರ ಸಾಲು. ದರ್ಗಾದಿಂದ ಸ್ವಲ್ಪ ದೂರದಲ್ಲಿರುವ ಹಫ್ತ್ ಗುಂಬಜ್ ಸಮಾಧಿ ಸಮುಚ್ಚಯದಲ್ಲಿ ಫಿರೋಜ್ ಶಾಹ ಮಲಗಿದ್ದಾನೆ. ಆತನ ಸಮಾಧಿ ಭವ್ಯವಾಗಿ ಉಳಿದಿದೆ, ಆತನ ವೇಧಶಾಲೆ ಗ್ರಂಥಗಳಲ್ಲಿ ಮಾತ್ರ ಉಳಿದಿದೆ.

ಇದಕ್ಕೆ ತದ್ವಿರುದ್ಧವಾದ ಕಥೆ ಬಿದರಿ ಕಲೆಯದು. ಫಿರೋಜನ ನಂತರ ಆತನ ತಮ್ಮ ಅಹ್ಮದ್ ಶಾಹ ರಾಜಧಾನಿಯನ್ನು ಬೀದರ್‌ಗೆ ಒಯ್ದ. ಬಹಮನಿ ಕಾಲದಿಂದ ಬಂದುದೆಂದು ಹೇಳಲಾಗುವ ಬಿದರಿ ಕಲೆ ಅಲ್ಲಿ ಇಂದಿಗೂ ಜೀವಂತವಾಗಿದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಬೆಳ್ಳಿಯ ತಂತಿಯನ್ನು ಕೂರಿಸುವುದು, ಕೊನೆಗೆ ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿ ಲೋಹವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಮಾತ್ರ ಹೊಳೆಯುವಂತೆ ಉಳಿಸುವುದು, ಇದೆಲ್ಲವೂ ಅಪ್ಪಟ ರಸಾಯನ ವಿದ್ಯೆ. ಅದು ಒಬ್ಬ ಹಕೀಮನ ತಲೆಯಲ್ಲಿರಲಿಲ್ಲ. ಉಸ್ತಾದನ ಕೈಯಿಂದ ಶಾಗಿರ್ದನ ಕೈಗೆ ದಾಟುತ್ತಾ ಬಂತು. ಅದಕ್ಕೊಂದು ಮಾರುಕಟ್ಟೆಯೂ ಇತ್ತು. ಆದ್ದರಿಂದ ರಾಜ್ಯಗಳು ಬಿದ್ದರೂ ವಿದ್ಯೆ ಬೀಳಲಿಲ್ಲ.

ಕಾರ್ಖಾನೆ ಇಲ್ಲಿ, ಪ್ರಯೋಗಾಲಯ ಅಲ್ಲಿ

ನಿಜಾಮರ ಕಾಲದಲ್ಲಿ ತಂತ್ರಜ್ಞಾನ ಎರಡನೆಯ ಬಾರಿ ದೊಡ್ಡ ಪ್ರಮಾಣದಲ್ಲಿ ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. 1880ರ ದಶಕದಲ್ಲಿ ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಬಟ್ಟೆ ಮಿಲ್ ಶುರುವಾಯಿತು. ಸುಣ್ಣದ ಕಲ್ಲಿನ ನಾಡಾದ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು, ಅದರ ಕಂಪೆನಿ 1936ರಲ್ಲಿ ಎಸಿಸಿಯೊಳಗೆ ಸೇರಿತು.

ಹೈದರಾಬಾದ್ ಸಂಸ್ಥಾನಕ್ಕೆ ವಿಜ್ಞಾನದ ಬಗ್ಗೆ ತಾತ್ಸಾರವಿರಲಿಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆಧುನಿಕ ವಿಜ್ಞಾನವನ್ನು ಇಂಗ್ಲಿಷಿನಲ್ಲಲ್ಲ, ಉರ್ದುವಿನಲ್ಲಿ ಕಲಿಸಲು ಹೊರಟಿತು. ಅದಕ್ಕಾಗಿ ಒಂದು ಭಾಷಾಂತರ ವಿಭಾಗವನ್ನೇ ತೆರೆದು ಪಠ್ಯಗಳನ್ನು ಅನುವಾದಿಸಲಾಯಿತು. ದೇಶಭಾಷೆಯಲ್ಲಿ ಉನ್ನತ ವಿಜ್ಞಾನವನ್ನು ಕಲಿಸಬಹುದು ಎಂದು ತೋರಿಸಿದ ಈ ಪ್ರಯೋಗಕ್ಕೆ ಗೌರವ ಸಲ್ಲಲೇಬೇಕು. ಆದರೆ ಕಲಬುರಗಿ, ರಾಯಚೂರು ಸೀಮೆಯ ಹಳ್ಳಿಯ ಹುಡುಗನ ಮನೆಮಾತು ಕನ್ನಡವಾಗಿತ್ತು. ಆತನಿಗೆ ಉರ್ದು ಕೂಡ ದಾಟಬೇಕಾದ ಇನ್ನೊಂದು ಹೊಳೆಯೇ ಆಗಿತ್ತು.

ಸಂಸ್ಥಾನದ ಸರಕಾರ 1944ರಲ್ಲಿ ಕೈಗಾರಿಕಾ ಸಂಶೋಧನೆಗಾಗಿ ಒಂದು ಕೇಂದ್ರ ಪ್ರಯೋಗಾಲಯವನ್ನೂ ಸ್ಥಾಪಿಸಿತು. ಇಂದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಮೂಲ ಅದೇ. ಹೀಗೆ ಗಣಿ, ಗಿರಣಿಗಳು ಕಲಬುರಗಿಯಲ್ಲಿ, ವಿಶ್ವವಿದ್ಯಾನಿಲಯ ಮತ್ತು ಪ್ರಯೋಗಾಲಯ ಹೈದರಾಬಾದಿನಲ್ಲಿ ಎಂಬ ಏರ್ಪಾಡಾಯಿತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ವಿದ್ಯಾಕೇಂದ್ರಗಳು ಗಡಿಯ ಆಚೆ ಉಳಿದವು. ಏಕೀಕರಣ ನಮ್ಮ ಬಹುದಿನದ ಕನಸು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ದಿನ ಕಲಬುರಗಿ ಏನನ್ನು ಆಚೆ ಬಿಟ್ಟು ಬಂತು ಎಂಬ ಲೆಕ್ಕವನ್ನು ನಾವು ಸರಿಯಾಗಿ ಹಾಕಲೇ ಇಲ್ಲ.

ಮೆಹಬೂಬ್ ಶಾಹಿ ಮಿಲ್ ಕೊನೆಗೆ ಮುಚ್ಚಿತು. ಇಂದು ಎಂಎಸ್‌ಕೆ ಮಿಲ್ ಎಂಬುದು ಊರಿನ ಒಂದು ಪ್ರದೇಶದ ಹೆಸರು. 2023ರಲ್ಲಿ ಕೇಂದ್ರ ಸರಕಾರ ಕಲಬುರಗಿಗೆ ಬೃಹತ್ ಜವಳಿ ಪಾರ್ಕನ್ನು ಘೋಷಿಸಿದಾಗ ನಾವು ಸಂತೋಷಪಟ್ಟೆವು. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಿತ್ತು: ಈ ಬಾರಿ ಬರುವುದು ಯಂತ್ರಗಳು ಮಾತ್ರವೇ, ಅಥವಾ ಯಂತ್ರವನ್ನು ಸುಧಾರಿಸಬಲ್ಲ ವಿದ್ಯೆಯೂ ಬರುತ್ತದೆಯೇ?

ನೀತಿಯ ಕಾಲ

1958ರ ಮಾರ್ಚ್ 4ರಂದು ಭಾರತ ಸರಕಾರ ತನ್ನ ಮೊದಲ ವಿಜ್ಞಾನ ನೀತಿ ನಿರ್ಣಯವನ್ನು ಅಂಗೀಕರಿಸಿತು. ಅದೇ ವರ್ಷ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯವೂ ಬಂತು, ರೋಜಾದ ದರ್ಗಾದೊಂದಿಗೆ ನಂಟುಳ್ಳ ಖಾಜಾ ಬಂದೇ ನವಾಜ್ ಎಂಜಿನಿಯರಿಂಗ್ ಕಾಲೇಜೂ ಬಂತು. ಮಠದ ಪರಂಪರೆಯೂ ದರ್ಗಾದ ಪರಂಪರೆಯೂ ಒಂದೇ ಊರಿನಲ್ಲಿ ಎಂಜಿನಿಯರುಗಳನ್ನು ತಯಾರಿಸಲು ಮುಂದಾದುದು ಹೆಮ್ಮೆಯ ಸಂಗತಿ. ಆದರೆ ಇಲ್ಲಿ ಕಲಿತ ಹುಡುಗರಲ್ಲಿ ಎಷ್ಟೋ ಮಂದಿ ಬೆಂಗಳೂರು, ಪುಣೆ, ಕೊಲ್ಲಿ ರಾಷ್ಟ್ರಗಳ ದಾರಿ ಹಿಡಿದರು. ಅವರನ್ನು ದೂರುವುದು ಸರಿಯಲ್ಲ. ಕಲಿತ ವಿದ್ಯೆಗೆ ಊರಿನಲ್ಲಿ ಕೆಲಸವಿಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ದೆಹಲಿಯಲ್ಲಿ ನೀತಿಗಳು ಮತ್ತೆ ಮತ್ತೆ ಬಂದವು. 1983ರಲ್ಲಿ ತಂತ್ರಜ್ಞಾನ ನೀತಿ, 2003ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ, 2013ರಲ್ಲಿ ನಾವೀನ್ಯತೆ ಎಂಬ ಪದವನ್ನೂ ಸೇರಿಸಿಕೊಂಡ ನೀತಿ. ಸಂಶೋಧನೆಗೆ ರಾಷ್ಟ್ರೀಯ ಉತ್ಪನ್ನದ ಶೇ. 2ರಷ್ಟನ್ನು ಖರ್ಚು ಮಾಡಬೇಕೆಂದು 2003ರಲ್ಲಿ ಹೇಳಿದೆವು, 2013ರಲ್ಲಿ ಮತ್ತೆ ಹೇಳಿದೆವು. 2020-21ರಲ್ಲಿ ನಾವು ಖರ್ಚು ಮಾಡಿದ್ದು ಶೇ. 0.64. ಯುದ್ಧದಿಂದ ಜರ್ಜರಿತವಾಗಿದ್ದ ದಕ್ಷಿಣ ಕೊರಿಯಾ 1966ರಲ್ಲಿ ಒಂದು ಕೈಗಾರಿಕಾ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ಹೊರದೇಶಗಳಲ್ಲಿದ್ದ ತನ್ನ ವಿಜ್ಞಾನಿಗಳನ್ನು ಕರೆಸಿಕೊಂಡು, ತನ್ನ ಕಾರ್ಖಾನೆಗಳ ಸಮಸ್ಯೆಗಳನ್ನು ಅವರ ಮುಂದಿಟ್ಟಿತು. ಇಂದು ಅದು ಸಂಶೋಧನೆಗೆ ಶೇ. 4ಕ್ಕಿಂತ ಹೆಚ್ಚು ವ್ಯಯಿಸುತ್ತದೆ. ಹಣದ ಮೊತ್ತಕ್ಕಿಂತ ಮುಖ್ಯವಾದುದು ಆ ಕ್ರಮ. ಸಮಸ್ಯೆ ಕಾರ್ಖಾನೆಯಿಂದ ಪ್ರಯೋಗಾಲಯಕ್ಕೆ ಹೋಯಿತು, ಉತ್ತರ ಪ್ರಯೋಗಾಲಯದಿಂದ ಕಾರ್ಖಾನೆಗೆ ಮರಳಿತು.

ತೊಗರಿ ಕಲಿಸಿದ ಪಾಠ

ಇಂಥದೊಂದು ಸಂಬಂಧ ಕಲಬುರಗಿಯಲ್ಲೂ ಒಮ್ಮೆ ಕೂಡಿಬಂದಿತ್ತು. ಅದು ಕಾರ್ಖಾನೆಯಲ್ಲಲ್ಲ, ತೊಗರಿಯ ಹೊಲದಲ್ಲಿ.

ಈ ಸೀಮೆಯ ಕಪ್ಪು ಮಣ್ಣಿನ ರೈತನಿಗೆ ತೊಗರಿಯೇ ಹಣ, ತೊಗರಿಯೇ ಅನ್ನ. ಅದರ ಶತ್ರು ನೆಟೆ ರೋಗ. ಮಣ್ಣಿನಲ್ಲಿ ಅಡಗಿರುವ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಔಷಧಿ ಸಿಂಪಡಿಸಿ ಇದನ್ನು ಗೆಲ್ಲುವುದು ಕಷ್ಟ, ರೋಗ ತಡೆಯುವ ಬೀಜವೇ ಬೇಕು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ರೋಗ ತುಂಬಿದ ಮಣ್ಣಿನಲ್ಲೇ ತಳಿಗಳನ್ನು ಬೆಳೆಸಿ, ಬದುಕುಳಿದವನ್ನು ಆರಿಸಿತು. ಹಾಗೆ ಆರಿಸಿದ ಒಂದು ತಳಿ 1986ರಲ್ಲಿ 'ಮಾರುತಿ' ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ಅದು ಉತ್ತರ ಕರ್ನಾಟಕದ ತೊಗರಿ ಸೀಮೆಯಲ್ಲಿ ವ್ಯಾಪಕವಾಗಿ ಹರಡಿತು. ರೈತನಿಂದ ರೈತನಿಗೆ, ಹಳ್ಳಿಯಿಂದ ಹಳ್ಳಿಗೆ ಬೀಜ ನಡೆದುಹೋಯಿತು. ವಿಜ್ಞಾನ ಆರ್ಥಿಕ ಬೆಳವಣಿಗೆಯಾಗುವುದು ಎಂದರೆ ಇದೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1997-98ರಲ್ಲಿ ಅಕಾಲಿಕ ಮಳೆಯ ಜೊತೆಗೆ ಕಾಯಿಕೊರಕ ಹುಳು ದಂಡೆತ್ತಿ ಬಂತು. ಅಂಗಡಿಯವರು ಕೊಟ್ಟ ಕೀಟನಾಶಕಗಳನ್ನು ರೈತರು ಸಾಲ ಮಾಡಿ ಹೊಡೆದರು. ಹುಳು ಅವುಗಳಿಗೆ ಒಗ್ಗಿಹೋಗಿತ್ತು. ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ರೈತರು ಆತ್ಮಹತ್ಯೆ ಮಾಡಿಕೊಂಡರು. ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಹುಳು ಉದುರಿಸುವ ಸರಳ ಉಪಾಯ ಆಗ ಬಳಕೆಗೆ ಬಂತು. ಬೇವಿನ ಕಷಾಯವೂ ಬಂತು. ಆದರೆ ಸಲಹೆ ಕೊಡಬೇಕಾದವರು ತಲುಪುವ ಮೊದಲೇ ಸಾಲ ಹಲವು ಮನೆಗಳನ್ನು ತಲುಪಿತ್ತು.

ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೇ ಟಿಎಸ್-3ಆರ್, ಜಿಆರ್‌ಜಿ-811 ಮುಂತಾದ ತಳಿಗಳನ್ನು ನೀಡಿತು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೂ 2022ರ ಹಂಗಾಮಿನಲ್ಲಿ ನೆಟೆ ರೋಗ ಮತ್ತೆ ಬಂದು ಅಪಾರ ಬೆಳೆಯನ್ನು ನುಂಗಿತು. ಇದರಲ್ಲಿ ಅಚ್ಚರಿಯಿಲ್ಲ. ಶಿಲೀಂಧ್ರವೂ ಬದಲಾಗುತ್ತದೆ. ತೊಗರಿಯಲ್ಲಿ ಪರಕೀಯ ಪರಾಗಸ್ಪರ್ಶ ಸಾಕಷ್ಟು ನಡೆಯುವುದರಿಂದ ಮನೆಯಲ್ಲಿ ಉಳಿಸಿಕೊಂಡ ಬೀಜ ವರ್ಷದಿಂದ ವರ್ಷಕ್ಕೆ ಶುದ್ಧತೆ ಕಳೆದುಕೊಳ್ಳುತ್ತದೆ. ಒಮ್ಮೆ ಒಳ್ಳೆಯ ಬೀಜ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಪ್ರತಿ ವರ್ಷ ಹೊಲ ನೋಡುವವರು, ಹೊಸ ಬೀಜ ಕೊಡುವವರು ಬೇಕು.

ಕಮಲಾಪುರದ ಬಾಳೆ

ಕಲಬುರಗಿಯಿಂದ ಬೀದರ್‌ಗೆ ಹೋಗುವ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಹಿಂದೊಮ್ಮೆ ರಾಜಧಾನಿ ದಾಟಿಹೋದ ದಿಕ್ಕು ಇದು. ಕಮಲಾಪುರದ ಕೆಂಪು ಬಾಳೆಗೆ ತನ್ನದೇ ರುಚಿ, ತನ್ನದೇ ಪರಿಮಳ. ಅದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಇದು ನಿಧಾನದ ಬೆಳೆ, ಬೇರೆ ಬಾಳೆಗಳಿಗಿಂತ ಹೆಚ್ಚು ತಿಂಗಳು ಹೊಲದಲ್ಲಿ ನಿಲ್ಲುತ್ತದೆ. ಅಷ್ಟು ಕಾಲ ನೀರು, ಖರ್ಚು ಎರಡನ್ನೂ ಬೇಡುತ್ತದೆ. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುವುದರಿಂದ ತಾಯಿಗಿಡದ ರೋಗ ಮರಿಗೂ ಬರುತ್ತದೆ. ಬಾಳೆಯನ್ನು ಒಣಗಿಸುವ ಪನಾಮಾ ರೋಗದ ಶಿಲೀಂಧ್ರವೂ ತೊಗರಿಯ ನೆಟೆ ರೋಗದ ಶಿಲೀಂಧ್ರವೂ ಒಂದೇ ಕುಲದವು.

ಮಾನ್ಯತೆಯ ಪತ್ರ ಹೆಸರನ್ನು ಕಾಯುತ್ತದೆ, ಬೆಳೆಯನ್ನು ಕಾಯುವುದಿಲ್ಲ. ರೋಗಮುಕ್ತ ಸಸಿ, ಹಣ್ಣನ್ನು ಕೆಡದಂತೆ ಇಡುವ ವ್ಯವಸ್ಥೆ, ದೂರದ ಪೇಟೆಗೆ ಸಾಗಿಸುವ ಬಗೆ, ಇವೆಲ್ಲ ಪ್ರಯೋಗಾಲಯದ ಪ್ರಶ್ನೆಗಳು. ಇವಕ್ಕೆ ಉತ್ತರ ಸಿಗದಿದ್ದರೆ ರೈತ ಬೇರೆ ಬೆಳೆಯತ್ತ ತಿರುಗುತ್ತಾನೆ. ಕೆಂಪು ಬಾಳೆಯೂ ಎಂಎಸ್‌ಕೆ ಮಿಲ್‌ನ ಹಾಗೆ ಹೆಸರಾಗಿ ಮಾತ್ರ ಉಳಿದೀತು.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಸಂವಿಧಾನದ 371(ಜೆ) ವಿಧಿಯಿಂದಾಗಿ 2013ರಿಂದ ಈ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ದೊರೆಯಿತು. ಅದು ಹಕ್ಕಿನ ವಿಷಯ, ದೊಡ್ಡ ಗಳಿಕೆ. ಆದರೆ ಸೀಟು ಸಿಕ್ಕ ವಿದ್ಯಾರ್ಥಿ ಪದವಿ ಪಡೆದ ಮೇಲೆ ಈ ನೆಲದ ಸಮಸ್ಯೆಯ ಮೇಲೆ ಕೆಲಸ ಮಾಡಲು ಇಲ್ಲೊಂದು ಜಾಗ ಬೇಡವೇ? ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಸಣ್ಣ ಬೇಳೆ ಗಿರಣಿಯನ್ನು ರೂಪಿಸಿತು. ತೊಗರಿಗೆ ಎಣ್ಣೆ ಸವರಿ ದಿನಗಟ್ಟಲೆ ಬಿಸಿಲಿಗೆ ಹರಡುವ ಹಳೆಯ ಪದ್ಧತಿಗೆ ಬದಲಾಗಿ ಬಿಸಿಗಾಳಿಯ ವಿಧಾನವನ್ನೂ ಕಂಡುಹಿಡಿಯಿತು. ತೊಗರಿ ಬೆಳೆಯುವ ಊರಿನ ಎಂಜಿನಿಯರಿಂಗ್ ಕಾಲೇಜುಗಳು ಇಂಥ ಕೆಲಸವನ್ನು ತಮ್ಮದೆಂದುಕೊಂಡು ಮಾಡುವ ದಿನ ಬರಬೇಕು.

ಜಿಲ್ಲೆಗೊಂದು ಹೊಸ ಕಟ್ಟಡ ಕೊಟ್ಟರೆ ವಿಜ್ಞಾನ ನೀತಿ ಆಗುವುದಿಲ್ಲ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಖಾಲಿ ಬಿದ್ದ ಹುದ್ದೆ ತುಂಬುವುದು, ಕಮಲಾಪುರದ ರೈತನ ಪ್ರಶ್ನೆಯನ್ನು ವಿಶ್ವವಿದ್ಯಾನಿಲಯದ ಸಂಶೋಧನೆಯ ವಿಷಯವನ್ನಾಗಿಸುವುದು, ಅದರ ಉತ್ತರವನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ, ಉರ್ದುವಿನಲ್ಲಿ ಮರಳಿ ಹೇಳುವುದು, ಒಬ್ಬ ವಿಜ್ಞಾನಿ ನಿವೃತ್ತನಾದರೆ ಅವನ ಕೆಲಸ ಹಿಡಿಯಲು ಇಬ್ಬರು ಸಿದ್ಧರಿರುವಂತೆ ನೋಡಿಕೊಳ್ಳುವುದು, ಇವು ಸದ್ದಿಲ್ಲದ ಕೆಲಸಗಳು. ಇವುಗಳಿಗೆ ಉದ್ಘಾಟನೆಯ ಫಲಕವಿರುವುದಿಲ್ಲ. ಆದರೆ ಹಕೀಮ್ ಹಸನನ ವೇಧಶಾಲೆಗೂ ಬಿದರಿಯ ಉಸ್ತಾದನ ಕಾರ್ಯಾಗಾರಕ್ಕೂ ಇದ್ದ ವ್ಯತ್ಯಾಸ ಇಷ್ಟೇ ಆಗಿತ್ತು. ನಮ್ಮ ಊರಿಗೆ ಏನು ತಂದುಕೊಟ್ಟಿರಿ ಎಂದು ಜನಪ್ರತಿನಿಧಿಗಳನ್ನು ಕೇಳುವುದು ನಮಗೆ ರೂಢಿಯಾಗಿದೆ. ತಂದದ್ದನ್ನು ನಡೆಸಿಕೊಂಡು ಹೋಗಲು ಯಾರನ್ನು ತಯಾರು ಮಾಡಿದಿರಿ ಎಂದು ಕೇಳುವುದನ್ನೂ ನಾವು ಇನ್ನು ಕಲಿಯಬೇಕು.