ಶೇ 20ರ ಕರಡಿ

ಷೇರುಪೇಟೆ ಕುಸಿದ ಮರುದಿನ ವಾಣಿಜ್ಯ ಪುಟದಲ್ಲಿ ಕರಡಿ ಕುಣಿತ ತಪ್ಪಿದ್ದಲ್ಲ. ಕರಡಿ ಪಂಜವನ್ನು ಕೆಳಕ್ಕೆ ಬೀಸುತ್ತದೆ, ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತುತ್ತದೆ, ಅದಕ್ಕೇ ಇಳಿಯುವ ಪೇಟೆಗೂ ಏರುವ ಪೇಟೆಗೂ ಈ ಹೆಸರುಗಳು ಎನ್ನುವವರಿದ್ದಾರೆ. ನೆನಪಿಡಲು ಸುಲಭ, ಆದರೆ ಆಮೇಲೆ ಹೊಸೆದ ಕಥೆ. ಕರಡಿ ಹಿಡಿಯುವ ಮುಂಚೆ ಅದರ ಚರ್ಮ ಮಾರಬೇಡ ಎಂಬ ಯುರೋಪಿನ ಹಳೆಯ ಗಾದೆಯೇ ಮೂಲ ಎಂಬುದಕ್ಕೆ ಆಧಾರ ಹೆಚ್ಚು. 18ನೇ ಶತಮಾನದ ಆರಂಭದ ಲಂಡನ್ನಿನಲ್ಲಿ, ಕೈಯಲ್ಲಿಲ್ಲದ ಷೇರನ್ನು ಇಂದಿನ ಬೆಲೆಗೆ ಮಾರಿ, ಒಪ್ಪಿಸುವ ದಿನದೊಳಗೆ ಬೆಲೆ ಇಳಿದರೆ ಅಗ್ಗಕ್ಕೆ ಕೊಂಡು ಕೊಡುವವನು ಕರಡಿ ಚರ್ಮದ ವ್ಯಾಪಾರಿ ಎನಿಸಿಕೊಂಡ. ಕ್ರಮೇಣ ಚರ್ಮ ಬಿಟ್ಟುಹೋಗಿ ಕರಡಿಯಷ್ಟೇ ಉಳಿಯಿತು. ಹಾಗಾಗಿ ಮೊದಲ ಕರಡಿ ಒಬ್ಬ ಮನುಷ್ಯ, ಬೆಲೆ ಇಳಿಯುತ್ತದೆಂದು ಪಣ ಕಟ್ಟಿದವನು. ಮುಂಬೈ ಪೇಟೆಯ ಮಾತಿನಲ್ಲಿ ಆಸಾಮಿಗೂ ಸ್ಥಿತಿಗೂ ನಡುವಿನ ವ್ಯತ್ಯಾಸ ಇನ್ನೂ ಇದೆ: ಇಳಿಕೆಯ ಸ್ಥಿತಿಗೆ ಮಂದಿ (ನಮ್ಮ ಮಂದಿಯಲ್ಲ), ಅದನ್ನು ನೆಚ್ಚಿದವನಿಗೆ ಮಂದಡಿಯಾ.

ಈಗ ಕರಡಿ ಎಂದರೆ ಆಸಾಮಿಯಲ್ಲ, ಅಳತೆ. ಸೂಚ್ಯಂಕ ಇತ್ತೀಚಿನ ಗರಿಷ್ಠ ಮಟ್ಟದಿಂದ ಶೇ 20 ಇಳಿದರೆ ಕರಡಿ ಮಾರುಕಟ್ಟೆ. ಇದು ಯಾವ ಕಾನೂನೂ ಅಲ್ಲ, ರೂಢಿಗೆ ಬಂದ ದುಂಡು ಸಂಖ್ಯೆ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2018ರ ಕೊನೆಯಲ್ಲಿ ಶೇ 19.8ರಷ್ಟು ಬಿದ್ದು, ಕೂದಲೆಳೆಯಲ್ಲಿ ಈ ಹೆಸರು ತಪ್ಪಿಸಿಕೊಂಡಿತು. 2020ರ ಫೆಬ್ರುವರಿ–ಮಾರ್ಚ್‌ನಲ್ಲಿ ಸುಮಾರು ಶೇ 34 ಕುಸಿದು ಕರಡಿಯಾಯಿತು, ಆಗಸ್ಟ್‌ನಲ್ಲಿ ಹೊಸ ದಾಖಲೆ ಬರೆಯಿತು. ಜಪಾನಿನ ನಿಕ್ಕೀ ಸೂಚ್ಯಂಕ 1989ರ ಡಿಸೆಂಬರ್‌ನ ಎತ್ತರವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. ಆರು ತಿಂಗಳ ಪೆಟ್ಟನ್ನೂ ಒಂದು ತಲೆಮಾರಿನ ನಷ್ಟವನ್ನೂ ಒಂದೇ ಪದದಲ್ಲಿ ತುರುಕುವುದು ನನಗೆ ಒಪ್ಪಿತವಲ್ಲ.

ಶೇ 20ರ ಗೆರೆಯೇ ಇಲ್ಲದಿದ್ದರೆ ಪ್ರತಿಯೊಬ್ಬರೂ ತಮಗೆ ಬೇಕಾದಾಗ ಕರಡಿ ಬಂತು ಎಂದಾರು, ಹಳೆಯ ಕುಸಿತಗಳನ್ನು ಹೋಲಿಸುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಚರಿತ್ರೆ ಬರೆಯುವವರಿಗೆ ಗೆರೆ ಇರಲಿ. ಹಣ ಹೂಡಿದವರಿಗೆ ಅದರಿಂದ ಸಿಗುವುದು ಆಗಿಹೋದ ಸುದ್ದಿ ಮಾತ್ರ. ಇನ್ನೆಷ್ಟು ಇಳಿದೀತು ಎಂಬುದು ಅದರಲ್ಲಿಲ್ಲ. ಆಳವೇ ಮುಖ್ಯ, ಶೇ 20 ಕಳೆದವನಿಗೆ ಶೇ 25ರ ಏರಿಕೆ ಸಾಕು, ಅರ್ಧ ಕಳೆದವನಿಗೆ ದುಪ್ಪಟ್ಟಾಗಬೇಕು ಎಂಬ ವಾದವೂ ಉಂಟು. ಲೆಕ್ಕ ಸರಿ. ಆದರೆ 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅರ್ಧಕ್ಕಿಂತ ಕೆಳಗಿಳಿದು, ಮತ್ತೆ ಅಲ್ಲಿಗೆ ಬಂದದ್ದು 2010ರ ಕೊನೆಗೆ. ಆ ಅವಧಿಯಲ್ಲಿ ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಂತು ಕಟ್ಟಿದವನಿಗೆ ಯೂನಿಟ್‌ಗಳು ಅಗ್ಗವಾಗಿ ಸಿಕ್ಕವು. ನಡುವೆ ನಿವೃತ್ತನಾಗಿ ಹಣ ತೆಗೆದವನಿಗೆ ನಷ್ಟ ಶಾಶ್ವತವಾಯಿತು. ಆಳ ಇಬ್ಬರಿಗೂ ಒಂದೇ, ಕಾಯುವ ಅವಕಾಶ ಒಂದೇ ಅಲ್ಲ. ಶೇಕಡಾವಾರಿನ ಪಕ್ಕದಲ್ಲಿ ಗರಿಷ್ಠ ಮಟ್ಟ ಬಿಟ್ಟು ಎಷ್ಟು ತಿಂಗಳಾಯಿತು ಎಂಬುದನ್ನೂ ವಾಣಿಜ್ಯ ಪುಟ ಅಚ್ಚು ಹಾಕಬಹುದು, ಅದಕ್ಕೆ ಒಂದು ಸಾಲು ಸಾಕು.